ನಾಲ್ಕು ಮಡಚುವ ಚಾಕು

ಆ ಗುರುವಾರ ಮಾಡಿದ ಕೆಲಸಗಳು: ಐದೂವರೆಗೆ ನಲ್ಲಿ ಬಂತು, ಎಂಟು ಕೊಡ ನೀರು ತುಂಬಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಸ್ಟೌವಿನ ಬತ್ತಿ ಸರಿಮಾಡಿದೆ. ಯಜಮಾನರ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿದೆ. ಸಸ್ಪೆಂಡ್ ಆದವರು ಯೂನಿಫಾರಂ ತೊಡುವಂತಿರಲಿಲ್ಲ. ಹುರುಳಿಕಾಯಿಯನ್ನು ಕೈಯಲ್ಲೇ ಮುರಿದೆ. ಈಳಿಗೆಮಣೆ ಮೂಲೆಯಲ್ಲೇ ಇತ್ತು, ಎಳೆದುಕೊಳ್ಳಲು ಮನಸ್ಸಾಗಲಿಲ್ಲ. ನನ್ನ ಮೂರು ಚಾಕುಗಳನ್ನು ಹಿಂದಿನ ವಾರವೇ ಫ್ಯಾಕ್ಟರಿಗೆ ಒಪ್ಪಿಸಿಯಾಗಿತ್ತು. ಯಜಮಾನರ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಆ ದಿನ ಹತ್ತು ಗಂಟೆಗೆ ಪೀಣ್ಯದಲ್ಲಿ ಹೇಳುವವರಿದ್ದರು.

ಚಾಕುವಿನ ಹುಚ್ಚು ನನಗೆ ಹತ್ತಿದ್ದು ದಾಸರಹಳ್ಳಿಯ ಆ ಬಾಡಿಗೆ ಮನೆಯಲ್ಲೇ. ಮನೆಯೊಡತಿ ಅಜ್ಜಿ ಜಗಲಿಯಲ್ಲಿ ಕೂತು, ಎಲೆಅಡಿಕೆ ಚೀಲದಿಂದ ಬೆರಳುದ್ದದ ಒಂದು ಚಾಕು ತೆಗೆಯುತ್ತಿದ್ದರು. ಕೊಂಬಿನ ಹಿಡಿ, ಎರಡು ಹಿತ್ತಾಳೆ ಮೊಳೆ. ಅಡಿಕೆ ಹೋಳು ಮಾಡಿ, ಸೆರಗಿನಲ್ಲಿ ಒರೆಸಿ ಮಡಚಿದರೆ ಟಕ್ ಎಂದು ಸಣ್ಣ ಸದ್ದು. ಆ ಸದ್ದಿಗಾಗಿ ನಾನು ಹೊಸಿಲಲ್ಲಿ ಕಾಯುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ, ಎಲ್ಲಿ ಸಿಗುತ್ತೆ ಅಂತ.

"ಮಾಕಳಿ ಕಮ್ಮಾರ ಮಾಡ್ಕೊಟ್ಟಿದ್ದು. ಅವ್ನೂ ಇಲ್ಲ, ಅವ್ನ ಮಕ್ಳು ಕುಲುಮೆ ಬುಟ್ಟು ಫ್ಯಾಕ್ಟ್ರಿಗೋದ್ರು. ಗಂಡ ದಿನಾ ಕಬ್ಬಿಣದ ಜತೆ ಸಂಸಾರ ಮಾಡ್ತವ್ನೆ, ನೀನು ಈ ಮುದುಕಿ ಚಾಕು ಮ್ಯಾಲೆ ಕಣ್ಣಾಕ್ತೀಯಲ್ಲವ್ವ."

ಯಜಮಾನರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ, ಯಂತ್ರಗಳಿಗೆ ಬೇಕಾದ ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿದ್ದರು. ಅವರಿಗೆ ಹೇಳಿದೆ.

"ಬೇರೆ ಹೆಂಗಸ್ರು ಸೀರೆ ಕೇಳ್ತಾರೆ, ಬಳೆ ಕೇಳ್ತಾರೆ. ನೀನು ಚಾಕು ಕೇಳ್ತೀಯ. ರಾತ್ರಿ ಪಕ್ಕದಲ್ಲಿ ಮಲಗೋಕೇ ಭಯ ಆಗತ್ತೆ ಕಣೆ" ಎಂದರು. ಎರಡು ವಾರ ಕಳೆದ ಮೇಲೆ ಊಟದ ಡಬ್ಬಿ ತೊಳೆಯಲು ತೆರೆದರೆ ಒಳಗೊಂದು ಚಾಕು. ಕಬ್ಬಿಣ ಕತ್ತರಿಸುವ ಗರಗಸದ ಬ್ಲೇಡು ಮುರಿದರೆ ಅಲ್ಲಿ ಕಸದ ಡಬ್ಬಕ್ಕೆ ಹಾಕುತ್ತಾರೆ. ಅದರ ತುಂಡನ್ನು ಊಟದ ಬಿಡುವಿನಲ್ಲಿ ಸಾಣೆ ಹಿಡಿದು, ಹಳೇ ಕುರ್ಚಿಯ ಬೀಟೆ ಕಾಲಿನಿಂದ ಹಿಡಿ ಮಾಡಿದ್ದರು. ಟೂಲ್ ರೂಮಿನಲ್ಲಿ ಎಲ್ಲರೂ ಹೀಗೆ ಏನಾದರೊಂದು ಮಾಡಿಕೊಂಡು ಬರುತ್ತಿದ್ದರಂತೆ, ಒಬ್ಬರು ಕಾಯಿತುರಿ, ಇನ್ನೊಬ್ಬರು ಬಾಗಿಲ ಚಿಲಕ. ಮುಂದಿನ ವರ್ಷ ಎರಡನೆಯದು, ತುದಿ ಬಾಗಿದ್ದು. ಮೂರನೆಯದು ತೀರಾ ಚಿಕ್ಕದು, ಬೀಗದ ಕೈ ಗೊಂಚಲಿಗೆ ಸಿಕ್ಕಿಸುವಂಥದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮೂರಕ್ಕೂ ಕೊಬ್ಬರಿ ಎಣ್ಣೆ ಸವರಿ, ತೆರೆದು, ಮಡಚಿ, ಮತ್ತೆ ತೆರೆಯುತ್ತಿದ್ದೆ. ಇದನ್ನು ಯಾರಿಗಾದರೂ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ನಾಲ್ಕನೆಯದನ್ನು ಕೇಳಿದ್ದೂ ನಾನೇ. ಅಜ್ಜಿಯ ಚಾಕು ಸವೆದು ದಬ್ಬಳದಂತಾಗಿತ್ತು, ಅವರಿಗೊಂದು ಕೊಡೋಣ ಎಂದೆ. ಅವರು ಅದನ್ನು ಮಾಡಿ ತರುವ ವಾರವೇ ಗೇಟಿನಲ್ಲಿ ಹೊಸ ಸೆಕ್ಯೂರಿಟಿಯವರು ಬಂದಿದ್ದರು, ಊಟದ ಡಬ್ಬಿ ತೆರೆಸಿ ನೋಡಿದರು. ಚಾಕು ಸಿಕ್ಕಿತು. ಮರುದಿನವೇ ಸಸ್ಪೆಂಡ್.

ಯೂನಿಯನ್ನಿನವರೊಬ್ಬರು ಮನೆಗೆ ಬಂದು ಧೈರ್ಯ ಹೇಳಿದರು. "ಒಂದ್ ಚಾಕು ತಾನೆ ಅಣ್ಣ. ತಪ್ಪಾಯ್ತು ಅಂತ ಬರ್ಕೊಟ್ಬಿಡಿ, ವಾರ್ನಿಂಗ್ ಕೊಟ್ಟು ಒಳಗ್ ತಗೋತಾರೆ. ಅಕ್ಕನ ಕೈಲಿ ಬರೆಸಿ, ನಿಮ್ಮಕ್ಷರ ದೇವ್ರಿಗೇ ಪ್ರೀತಿ."

ನನ್ನ ಅಕ್ಷರ ದುಂಡಗಿತ್ತು. ಹಾಲಿನ ಚೀಟಿಯಿಂದ ಹಿಡಿದು ಯಾವ ದಿನ ಯಾರು ಬಂದರು ಎನ್ನುವವರೆಗೆ ಬರೆದಿಡುವ ಅಭ್ಯಾಸವೂ ಇತ್ತು. ಆ ಸಂಜೆ ಗೆರೆ ಹಾಳೆಯಲ್ಲಿ ಒಂದೂವರೆ ಪುಟ ಬರೆದೆ. ತಪ್ಪೊಪ್ಪಿಗೆ ಎಂದರೆ ಪೂರ್ತಿ ಒಪ್ಪಿಕೊಳ್ಳಬೇಕು, ಮುಚ್ಚಿಟ್ಟರೆ ಯಾರೂ ಕ್ಷಮಿಸುವುದಿಲ್ಲ ಎಂದುಕೊಂಡಿದ್ದೆ. ಆದ್ದರಿಂದ ಮೊದಲನೆಯ ಚಾಕು ಯಾವಾಗ, ಎರಡನೆಯದು ಯಾವಾಗ, ಯಾವುದಕ್ಕೆ ಎಂಥ ಬ್ಲೇಡು, ಎಲ್ಲ ಬರೆದೆ. ಯಜಮಾನರು ಓದಲಿಲ್ಲ. "ನೀನ್ ಬರ್ದಿದ್ದೀಯಲ್ಲ, ಸರಿಯಾಗೇ ಇರತ್ತೆ" ಎಂದು ಸಹಿ ಹಾಕಿದರು. ನಾಲ್ಕೇ ದಿನಕ್ಕೆ ಫ್ಯಾಕ್ಟರಿಯವರು, ಉಳಿದ ಮೂರನ್ನೂ ತಂದೊಪ್ಪಿಸಿ ಎಂದು ಹೇಳಿ ಕಳಿಸಿದರು. ನಮ್ಮ ಪ್ರಾಮಾಣಿಕತೆ ಮೆಚ್ಚಿದ್ದಾರೆ ಎಂದೇ ತಿಳಿದೆ. ಮೂರನ್ನೂ ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಕಳಿಸಿದೆ.

ಗುರುವಾರ ಯಜಮಾನರು ಹನ್ನೊಂದೂವರೆಗೆಲ್ಲ ಬಂದುಬಿಟ್ಟರು. ಚಪ್ಪಲಿ ಬಿಚ್ಚದೆ ಹೊಸಿಲಲ್ಲೇ ಕೂತರು.

"ತೆಗೆದ್ರು" ಎಂದರು.

"ಒಂದು ಚಾಕುಗಾ?"

"ಒಂದಲ್ಲ. ನಾಲ್ಕಂತೆ. ಮೂರು ವರ್ಷದಿಂದ ಕದೀತಿದ್ದೆನಂತೆ. ನನ್ ಪತ್ರಾನೇ ನನಗೆ ಓದಿ ಹೇಳಿದ್ರು. ಮಧ್ಯದಲ್ಲಿ ನಿಲ್ಲಿಸಿ, ಅಕ್ಷರ ಚೆನ್ನಾಗಿದೆ ಅಂದ್ರು."

 "ಸುಳ್ಳೇನೂ ಬರೀಲಿಲ್ಲವಲ್ರೀ" ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

"ಇಲ್ಲ. ಎಲ್ಲಾ ನಿಜಾನೇ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು, ಬಿಳಿ ಶರ್ಟನ್ನು ಬಿಚ್ಚಿ ಮಡಿಕೆ ಸರಿಮಾಡಿ ಮೊಳೆಗೆ ತಗುಲಿಹಾಕಿದರು. ಆ ಬೆರಳುಗಳು ಹದಿನೆಂಟು ವರ್ಷ ಕಬ್ಬಿಣದ ಕೆಲಸ ಮಾಡಿದವು. ಆಮೇಲೆ ಅವರಿಗೆ ಮತ್ತೆಲ್ಲೂ ಟೂಲ್ ರೂಮಿನ ಕೆಲಸ ಸಿಗಲಿಲ್ಲ. ಕಳ್ಳತನದ ಮಾತು ಅವರಿಗಿಂತ ಮೊದಲೇ ಗೇಟು ಮುಟ್ಟಿರುತ್ತಿತ್ತು. ನಾನು ಬರೆದಿಡುವುದನ್ನು ಬಹಳ ವರ್ಷ ಬಿಟ್ಟಿದ್ದೆ.

ಆ ಗುರುವಾರ ಸಂಜೆ ಅಜ್ಜಿ ತಟ್ಟೆ ಮುಚ್ಚಿಕೊಂಡು ಬಂದರು. "ಉಣ್ಣಿ. ಒಟ್ಟೆ ಏನ್ ತಪ್ಪು ಮಾಡೈತೆ" ಎಂದು ಇಟ್ಟು ಹೋದರು. ರಾಗಿ ಮುದ್ದೆ, ಹಲಸಂದೆ ಕಾಳಿನ ಬಸ್ಸಾರು. ಯಜಮಾನರು ಒಂದು ಮುದ್ದೆ ಉಂಡರು, ನಾನು ಅರ್ಧ. ಮಿಕ್ಕದ್ದನ್ನು ನೀರಲ್ಲಿ ಹಾಕಿಟ್ಟೆ. ಅವರು ಗೋಡೆಗೊರಗಿ ಕೂತೇ ಇದ್ದರು. ಮೊದಲು ನಿದ್ದೆ ಹೋದವಳು ನಾನು.