ಅತ್ತೆ ಎತ್ತಿಟ್ಟ ಹ್ಯಾಂಡಲ್

ಕೊಡಗು ತನ್ನದೇ ರಾಜ್ಯವಾಗಿದ್ದ ಕೊನೆಯ ವರ್ಷ ನಾನು ಮೂರ್ನಾಡಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದೆ. ತವರು ಕುಶಾಲನಗರದ ಕಡೆ. ಹಾಸನದಿಂದ ಬಂದು ನೆಲೆಸಿ ರಾಗಿ ಬೆಳೆಯುತ್ತಿದ್ದ ಜನ ನಾವು. ಕಾಫಿ ಕುಡಿದು ಗೊತ್ತಿತ್ತೇ ಹೊರತು ಬೆಳೆದು ಗೊತ್ತಿರಲಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡು ಕೂರುವ ಜಾಯಮಾನವೂ ನನ್ನದಲ್ಲ.

ಆ ವರ್ಷವೇ ಮಾವ ಸೀಮೆಎಣ್ಣೆಯ ಎಂಜಿನ್ ತಂದಿದ್ದರು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರನ್ನು ತಿರುಗಿಸಲು. ಅದುವರೆಗೆ ಅದನ್ನು ಕೈಯಲ್ಲೇ ತಿರುಗಿಸುತ್ತಿದ್ದವರು ಅತ್ತೆ. ಮಾವ ಮೇಲಿನಿಂದ ಹಣ್ಣು ಸುರಿಯುತ್ತಿದ್ದರಂತೆ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಕೋವಿ, ಕತ್ತಿಗಳ ಪೂಜೆಯಾದ ಮೇಲೆ ಎಂಜಿನ್‌ಗೂ ಹಾರ ಬಿತ್ತು. ಪಲ್ಪರಿನ ಹಳೆಯ ಹ್ಯಾಂಡಲನ್ನು ಮಾವ ಬಿಚ್ಚಿ ಪಕ್ಕಕ್ಕೆಸೆದರು.

"ಇದ್ ಇನ್ನ್ ಗುಜರಿಗೆ. ಪೂಜೆಗೆ ಇಡ್ದು ಬೇಡ."

ಅತ್ತೆ ಬಗ್ಗಿ ಅದನ್ನು ಎತ್ತಿಕೊಂಡರು. ಹ್ಯಾಂಡಲನ್ನು ಸೆರಗಿನಲ್ಲಿ ಮರೆಮಾಡಿ ಒಳಗೆ ಒಯ್ದರು. ನಾನು ನೋಡಿಯೂ ನೋಡದ ಹಾಗಿದ್ದೆ.

ಹಣ್ಣು ಕೆಂಪಾಗುವ ಹೊತ್ತಿಗೆ ಸೂಯೆಜ್ ಕಾಲುವೆಯ ಹತ್ತಿರ ಯುದ್ಧ ಹತ್ತಿತು. ಕಾಲುವೆ ಮುಚ್ಚಿ, ಎಣ್ಣೆ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಯಿತು. ಯೂರೋಪಿನಲ್ಲಿ ಪೆಟ್ರೋಲಿಗೆ ರೇಷನ್, ಕಾರ್ಖಾನೆಗಳಿಗೆ ಎಣ್ಣೆಯ ಚಿಂತೆ ಎಂದು ಮಾವ ಪೇಪರು ಓದಿ ಹೇಳುತ್ತಿದ್ದರು.

"ಒಂದ್ ಖಂಡವೇ ಕೈಕಟ್ಟಿ ಕೂತರೆ ನಮ್ಮ ಕಾಫಿ ಯಾರಿಗೆ ಬೇಕು?"

"ಚಳೀಲಿ ಕೂತೋರಿಗೇ ಬೇಕಲ್ವಾ ಮಾವ?" ಎಂದೆ.

ಮಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಮತ್ತೆ ಪೇಪರಿಗೆ ಇಳಿದರು. ನಾನು ಹೇಳಿದ್ದು ಸರಿಯೆಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಇಡೀ ಖಂಡ ಕೈಕಟ್ಟಿ ಕೂರುವುದೆಲ್ಲ ಪೇಪರಿನ ಮಾತು. ಎಂಜಿನ್ ನಿಂತ ಕಡೆಯೆಲ್ಲ ಯಾರದೋ ತೋಳು ಕೆಲಸಕ್ಕೆ ಇಳಿದೇ ಇರುತ್ತದೆ.

ನಮ್ಮ ಸೀಮೆಎಣ್ಣೆ ಆ ಕಾಲುವೆಯ ದಾರಿಯಲ್ಲಿ ಬರುತ್ತಿತ್ತೋ ಇಲ್ಲವೋ ನಾನರಿಯೆ. ಯುದ್ಧ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೇಟೆಯ ಅಂಗಡಿಗಳಲ್ಲಿ ಎಣ್ಣೆಯ ಡಬ್ಬಗಳು ಒಳಗೆ ಸೇರಿಕೊಂಡದ್ದಂತೂ ನಿಜ. ಎಣ್ಣೆ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ ಮಾವ ಮೊದಲ ಕೊಯ್ಲು ಮಾಡಿಸಿಬಿಟ್ಟಿದ್ದರು. ಕೊಯ್ಲಿನ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಮೂರ್ನಾಡಿನಿಂದ ಖಾಲಿ ಡಬ್ಬ ಹಿಡಿದು ಬಂದರು.

ಕೊಟ್ಟಿಗೆಯ ತುಂಬ ಹಣ್ಣಿನ ಬುಟ್ಟಿಗಳು. ಅಂದೇ ಸುಲಿಯದಿದ್ದರೆ ಹಣ್ಣು ಹುಳಿಯುತ್ತದೆ. ಇಡಿಯಾಗಿ ಒಣಗಿಸೋಣವೆಂದರೆ ಬಿಸಿಲಿಲ್ಲ, ಮೋಡ ಕವಿದುಕೊಂಡಿತ್ತು. ವರ್ಷದ ಮೊದಲ ಹಣ್ಣೆಲ್ಲ ಗೊಬ್ಬರದ ಗುಂಡಿಗೆ ಹೋಗುವುದರಲ್ಲಿತ್ತು. ಮಾವ ಎಂಜಿನ್ ಪಕ್ಕ ತಲೆಮೇಲೆ ಕೈ ಹೊತ್ತು ಕೂತರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆ ಹ್ಯಾಂಡಲ್ ತರ್ತೀರಾ?"

ಅತ್ತೆ ಒಳಗೆ ಹೋಗಿ ಅದನ್ನು ತಂದು ಮಾವನ ಎದುರಿಗೇ ಇಟ್ಟರು. ಕಬ್ಬಿಣದ ಮೇಲೆ ಒಣಗಿದ ಗಂಧದ ಬೊಟ್ಟಿತ್ತು. ಕೈಲ್ ಮುಹೂರ್ತದ ದಿನ ಒಳಗೆ ತಾವೊಬ್ಬರೇ ಅದಕ್ಕೆ ಪೂಜೆ ಮಾಡಿದ್ದರು! ಮಾವ ಆ ಬೊಟ್ಟನ್ನೇ ನೋಡುತ್ತಾ ಕೂತರು.

ಗಂಡ ಪಲ್ಪರಿನಿಂದ ಎಂಜಿನ್ನಿನ ಬೆಲ್ಟು ಕಳಚಿ ಹ್ಯಾಂಡಲ್ ಸಿಕ್ಕಿಸಿದರು. ಅವರೂ ನಾನೂ ಸರದಿಯ ಮೇಲೆ ತಿರುಗಿಸಿದೆವು. ಅತ್ತೆ ಹಣ್ಣು ಸುರಿದರು. ಸಂಜೆಯಾಗುವಷ್ಟರಲ್ಲಿ ನಮ್ಮಿಬ್ಬರ ರಟ್ಟೆಯೂ ಬಿದ್ದುಹೋಗಿತ್ತು. ಆಗ ಮಾವ ಎದ್ದು ಬಂದು ಹ್ಯಾಂಡಲ್ ಹಿಡಿದರು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಾ ನಿಂತು ಅತ್ತೆಯ ಕಡೆ ತಿರುಗಿದರು.

"ಇಷ್ಟ್ ಭಾರ ಇತ್ತಾ ಇದ್?"

"ಇತ್ತ್," ಎಂದರು ಅತ್ತೆ. "ನಿಲ್ಲಿಸ್ಬೇಡಿ. ಇನ್ನೂ ಎರಡ್ ಬುಟ್ಟಿ ಉಂಟು."

ಆ ಎರಡು ಬುಟ್ಟಿಯನ್ನೂ ಮಾವನೇ ಸುಲಿದರು.