ತೇಲುವ ಸಿಪ್ಪೆ

ಸೋಮನಹಳ್ಳಿಯ ಹೆದ್ದಾರಿಯಿಂದ ತುಸು ಒಳಗಿರುವ ವೈನ್ ಶೆಡ್ಡಿಗೆ ಕಾಲಿಟ್ಟರೆ ಹೊರಗಿನ ಬಿಸಿಲೇ ಮರೆತುಹೋಗುತ್ತದೆ. ತಂಪು ಬೆಟ್ಟಗಳಲ್ಲಿ ನಿಧಾನವಾಗಿ ಮಾಗಿದ ಕಪ್ಪು ದ್ರಾಕ್ಷಿ ಲಾರಿಯಲ್ಲಿ ಬಂದು, ಇಲ್ಲಿ ಏಸಿಯ ತಂಪಿನಲ್ಲೇ ಉಕ್ಕಿನ ತೊಟ್ಟಿಯೊಳಗೆ ಹುಳಿಯುತ್ತದೆ. ಕೊತ್ತತ್ತಿಯ ನಿಂಗೇಗೌಡರು ಏಣಿಯ ಮೇಲೆ ನಿಂತು, ಉದ್ದ ಹಿಡಿಯ ಹಲಗೆಯಿಂದ ತೇಲುವ ಸಿಪ್ಪೆಯನ್ನು ರಸದೊಳಕ್ಕೆ ಒತ್ತುತ್ತಿದ್ದರು. ಇಲ್ಲಿಗೆ ಬರುವ ಮುಂಚೆ ಮೂವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವರು.

“ಮೊದಲ್ನೇ ವರ್ಸ ಒಂದ್ ತೊಟ್ಟಿ ಕೆಡಿಸ್ಬುಟ್ಟೆ ಸ್ವಾಮಿ,” ಎಂದು ಅವರೇ ಮಾತು ತೆಗೆದರು. “ಕಬ್ಬಿನಾಲು ಕುದಿವಾಗ ಮ್ಯಾಲ್ ಬಂದದ್ದೆಲ್ಲ ಕೊಳೆ. ಬಾಚಿ ಎಸೀಬೇಕು. ಇದೂ ಅಂಗೇ ಅನ್ಕಂಡು, ಯಾರೂ ಇಲ್ದಾಗ ಸಿಪ್ಪೆನೆಲ್ಲ ಬಾಚಿ ತಿಪ್ಪೆಗಾಕ್ದೆ.”

ವೈನಿನ ಕೆಂಪೆಲ್ಲ ಸಿಪ್ಪೆಯದೇ, ರಸಕ್ಕೆ ಸ್ವಂತ ಬಣ್ಣವಿಲ್ಲ. ಇಷ್ಟು ವರ್ಷ ಕುಡಿದ ನನಗೂ ಅದು ಗೊತ್ತಾದದ್ದು ಆ ಏಣಿಯ ಬುಡದಲ್ಲೇ.

“ಶೆಡ್ಡಿನ ಯಜಮಾನಮ್ಮ ಬೈದರಾ?” ಎಂದೆ.

“ಬೈದಿದ್ರೆ ಸಲೀಸಾಗಿರೋದು. ಒಂದ್ ಲೋಟ ತುಂಬಿ ಕೈಗೆ ಕೊಟ್ರು. ‘ನೋಡಿ ಗೌಡ್ರೇ, ಎಷ್ಟು ಚೊಕ್ಕ ಮಾಡಿದೀರ’ ಅಂದ್ರು. ಅಷ್ಟೇಯ.”

ಆ ವರ್ಷದ ಒಂದು ಬಾಟಲಿ ಇನ್ನೂ ಕಿಟಕಿಯಲ್ಲಿದೆ. ಕುಂಕುಮದ ಕೈ ತೊಳೆದ ನೀರಿನ ಬಣ್ಣ. ಅಲ್ಲಿಂದ ತೆಗೆಯಲು ಗೌಡರೇ ಬಿಡುವುದಿಲ್ಲವಂತೆ.

ಮಾತಾಡುತ್ತಲೇ ಅವರ ಬಲಗೈ ತೊಟ್ಟಿಯ ಅಂಚಿಗೆ ಅಂಟಿದ್ದ ಸಿಪ್ಪೆಯನ್ನು ಬಾಚಿ ಎತ್ತಿತು. ಎಸೆಯಲು ಹೊರಟ ಕೈ ಅರ್ಧದಲ್ಲೇ ನಿಂತಿತು. ಗೌಡರು ಅದನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು. ಆಮೇಲೆ ಒಂದು ಸಿಪ್ಪೆಯೂ ಹೊರಗೆ ಬೀಳದಂತೆ ಬಗ್ಗಿ, ಅಷ್ಟನ್ನೂ ರಸಕ್ಕೇ ವಾಪಸ್ಸು ಬಿಟ್ಟರು.