ಗೌಡರ ಹೊಸ್ತಿಲು ಕಡೆದವನು

೧೯೯೧ರಲ್ಲಿ ಆರನೆಯ ಇಯತ್ತೆಗೇ ಸಾಲಿ ಬಿಟ್ಟು ಉಳಿ ಹಿಡಿದವನು ನಾನು. ಅಂದಿನಿಂದ ಯಾರ ದುಡಿಮೆಯನ್ನೂ ನನ್ನದೆಂದಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ಅದು ಸುಳ್ಳು. ಫಕೀರಪ್ಪನ ದುಡಿಮೆಯನ್ನು ನನ್ನದೆಂದೆ — ಅವನು ಎದುರಿಗೆ ನಿಂತಿರುವಾಗಲೇ.

ಫಕೀರಪ್ಪ ಪಂಪ್‌ಸೆಟ್ಟಿನ ತಂತಿ ಕದ್ದು ಜೈಲಿಗೆ ಹೋದವನು. ಬಡಿಗತನ ಕಲಿತದ್ದು ಅಲ್ಲಿಯೇ. ಬಿಡುಗಡೆಯಾದ ಮೇಲೆ ಯಾರೂ ಕೆಲಸ ಕೊಡದೆ ಯರಗಟ್ಟಿಯ ನನ್ನ ಶೆಡ್ಡಿಗೆ ಬಂದ. ಇಟ್ಟುಕೊಂಡೆ — ದಯೆಯಿಂದಲ್ಲ, ಅವನ ಕೈಕೆಲಸ ನೋಡಿ. ಪಕ್ಕದೂರಿನ ಗೌಡರ ಹೊಸ ಮನೆಗೆ ಚೌಕಟ್ಟು, ಹೊಸ್ತಿಲು ಎರಡನ್ನೂ ಅವನೇ ಕಡೆದ.

ಚೌಕಟ್ಟು ನಿಲ್ಲಿಸುವ ದಿನ, ಹೊಸ್ತಿಲು ಕಡೆದವನಿಗೆ ನಮ್ಮ ಕಡೆ ಆಯಾರ ಮಾಡುತ್ತಾರೆ. ತಲೆಗೆ ಟವೆಲ್ಲು ಸುತ್ತಿ, ಕೈಗೆ ಕಾಯಿ ಕೊಟ್ಟು, ಮನೆಯವರೆಲ್ಲ ಕೈ ಮುಗಿಯುತ್ತಾರೆ. ಸಾಲಿ ಮುಗಿಸದ ನನಗೆ ಅದು ಬಿಟ್ಟರೆ ಬೇರೆ ಯಾವ ಮರ್ಯಾದೆ — ಇರಲಿ. ಈ ಸಲದ ಆಯಾರ ನಿನ್ನದೇ ಎಂದು ಫಕೀರಪ್ಪನಿಗೆ ಮಾತು ಕೊಟ್ಟಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಗೌಡರ ಅಳಿಯ ಅವನ ಗುರುತು ಹಿಡಿದ.

“ಏ ಮಿಸ್ತ್ರಿ, ಇಂವಾ ತಂತಿ ಕಳ್ಳ ಅಲ್ಲೇನೋ? ನಮ್ಮ ಹೊಸ್ತಿಲಕ್ಕ ಇವನ ಕೈ ಹಚ್ಚಿಸೀಯೇನು? ನಾಳೆ ಕೀಲೀನೂ ಇವನ ಕಡೇನ ಕೊಡೂಣೇನು?”

ಜನ ನಕ್ಕರು. ನಾನೂ ನಕ್ಕೆ.

“ಛೇ, ಇಲ್ಲರೀ ಸಾವಕಾರ್ರ. ಕಡದಾಂವ ನಾನ. ಇಂವಾ ಬರೇ ಕಟ್ಟಿಗಿ ಹೊರಾಂವ. ಕಳ್ಳರ ಕೈಯಾಗ ಉಳಿ ಕೊಡ್ತೇನೇನ್ರಿ?”

ಟವೆಲ್ಲು ನನ್ನ ತಲೆಗೆ ಬಂತು. ಫಕೀರಪ್ಪ ಮರುದಿನ ಕೆಲಸಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋಗಲು ನನಗೆ ಮುಖವಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಸವದತ್ತಿಯ ಕಡೆ ಮತ್ತೆ ತಂತಿ ಕೀಳುವಾಗ ಸಿಕ್ಕಿಬಿದ್ದನಂತೆ. “ನಾಯಿ ಬಾಲ ಡೊಂಕ” ಅಂದರು ಜನ. ನಾನು ಹೌದೆಂದು ತಲೆಯಾಡಿಸಿದೆ.

ಜೈಲು ಅವನಿಗೆ ಕಸುಬು ಕಲಿಸಿ ಕಳಿಸಿತ್ತು. ಆ ಕಸುಬು ಅವನದೆಂದು ಹೊರಗಿನ ಒಬ್ಬರು ನಾಲ್ಕು ಜನರ ಮುಂದೆ ಒಪ್ಪಬೇಕಿತ್ತು. ಆ ಒಬ್ಬ ನಾನಾಗಬೇಕಿತ್ತು.

ಹೋದ ತಿಂಗಳು ಅವನನ್ನು ಕಾಣಲು ಜೈಲಿಗೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವನು ಬರೀ ಊಟ, ಆರೋಗ್ಯ ವಿಚಾರಿಸಿದೆ. ಜಾಲರಿಯ ಆಚೆಯಿಂದ ಅವನೇ ಕೇಳಿದ: “ಮಿಸ್ತ್ರಿ, ಮಳಿಗಾಲದಾಗ ಗೌಡರ ಮನಿ ಬಾಗಲಾ ಬಿಗಿ ಹಿಡೀತೈತೇನ್ರಿ?”

“ಇಲ್ಲೋ, ಸಲೀಸ್ ಐತಿ” ಎಂದೆ.

ಬರುವಾಗ ಗೌಡರ ಮನೆಗೆ ಹೋಗಿ, ಆ ಅಳಿಯನೆದುರೇ ಹೊಸ್ತಿಲು ಕಡೆದವನು ಯಾರೆಂದು ಹೇಳಿದೆ. ಅದರಿಂದ ಫಕೀರಪ್ಪನ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ.

ಈಗ ನನಗಿರುವುದು ಒಂದು ಶೆಡ್ಡು, ಎರಡು ಯಂತ್ರ, ಮೂವರು ಕೆಲಸಗಾರರು. ನಾಲ್ಕನೆಯವನ ಬಿಡುಗಡೆಗೆ ಇನ್ನೂ ಒಂದು ವರ್ಷವಿದೆ.